ಒಂಬತ್ತು ಎಲೆಗಳ ಒಳದನಿ

ಸೆಪ್ಟೆಂಬರ್ 16, ಮಂಗಳವಾರ

ಥಂಡರ್ ಬೇ ಪಟ್ಟಣದ ಖಾಯಂ ನಿವಾಸಿಯೂ, ಇಲ್ಲಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರೂ, ನಲವತ್ತೊಂದು ವರ್ಷದ ಬ್ರಹ್ಮಚಾರಿಯೂ ಆದ ವೆಂಡಲ್ ಟಕಾಲಾ ಎಂಬ ನಾನು ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಈ ಕೆಳಗಿನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಇಂದು ಬೆಳಿಗ್ಗೆ ಇಪ್ಪತ್ತೆಂಟು ವಿದ್ಯಾರ್ಥಿಗಳಿಗೆ ಮುನ್ಸೂಚನೆಯಿಲ್ಲದೆ ಕಿರುಪರೀಕ್ಷೆ ಕೊಟ್ಟೆ. ಪ್ರಶ್ನೆ ಹೀಗಿತ್ತು: 'ಅರವತ್ತು ಎಲೆಗಳ ಒಂದು ಕಟ್ಟಿನಲ್ಲಿ ನಾಲ್ಕು ರಾಣಿಯರಿದ್ದಾರೆ. ಕಲಸಿ ಏಳು ಎಲೆ ತೆಗೆದರೆ ಒಬ್ಬಳಾದರೂ ಬರುವ ಸಾಧ್ಯತೆ ಎಷ್ಟು?'

ಅದು ಪಠ್ಯದಲ್ಲಿಲ್ಲ. ಅದು ನನ್ನ ಕಟ್ಟು. ಆಡುವವರೇ ಎಲೆ ಆರಿಸಿ ಕಟ್ಟು ಕಟ್ಟಿಕೊಂಡು ಎದುರಾಳಿಯ ಏಳು ಕೋಟೆ ಕೆಡವುವ 'ಏಳುಕೋಟೆ' ಆಟಕ್ಕೆ ನಾನು ಕಟ್ಟುತ್ತಿರುವ ಕಟ್ಟಿನಲ್ಲಿ ಉಪ್ಪಿನ ರಾಣಿ ಎಂಬ ಎಲೆಯನ್ನು ಸೇರಿಸಲೋ ಬೇಡವೋ ಎಂಬ ಸ್ವಂತ ಗೊಂದಲವನ್ನು ಇಪ್ಪತ್ತೆಂಟು ಮಕ್ಕಳ ತಲೆಗೆ ಕಟ್ಟಿದೆ. ಇಪ್ಪತ್ತೆರಡು ಮಂದಿ ನೂರಕ್ಕೆ ನಲವತ್ತು ಎಂದು ಸರಿಯಾಗಿ ಬರೆದರು. ಒಬ್ಬಳು ಉತ್ತರದ ಕೆಳಗೆ, 'ಸರ್, ಇದು ನಿಮ್ಮ ಆಟದ್ದಾ?' ಎಂದು ಬರೆದಿದ್ದಳು. ಅವಳಿಗೆ ಪೂರ್ಣಾಂಕ ಕೊಟ್ಟು ಬಾಯಿ ಮುಚ್ಚಿಸಿದೆ. ಇದು ಎರಡನೆಯ ಅಪರಾಧ, ಲಂಚ.

ಕಾರಣ ಇಷ್ಟೆ. ಅಕ್ಟೋಬರ್ ಇಪ್ಪತ್ತೈದಕ್ಕೆ ಗಾರ್ನೆಟ್ ಲುಂಡ್‌ಕ್ವಿಸ್ಟ್‌ನ ಎಲೆಯಾಟದ ಅಂಗಡಿಯಲ್ಲಿ ಆಯ್ಕೆಯ ಪಂದ್ಯ. ಗೆದ್ದ ಒಬ್ಬರಿಗೆ ಮಾತ್ರ ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ಗಿನಲ್ಲಿ ನಡೆಯುವ ವಲಯ ಪಂದ್ಯಾವಳಿಗೆ ಹೋಗುವ ಸೀಟು, ಅಂಗಡಿಯ ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಹೆಸರು. ಎರಡನೆಯವರಿಗೆ ಹಲಗೆಯ ಮೇಲೆ ಜಾಗವಿಲ್ಲ. ಓಡೆಟ್ ಪೆಲ್ಟಿಯರ್ ಏಳು ವರ್ಷದಿಂದ ಎರಡನೆಯವಳು. ನಗರದ ಮೂರನೇ ನಂಬರ್ ಬಸ್ಸಿನ ಚಾಲಕಿ, ನನ್ನ ಅಭ್ಯಾಸದ ಜೊತೆಗಾತಿ, ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನಾಲಿಗೆಯಲ್ಲಿ ನನಗಿಂತ ನೂರು ವರ್ಷ ದೊಡ್ಡವಳು. ಈ ಸಲ ಸೀಟು ಅವಳದೇ ಎಂದು ಅಂಗಡಿಗೆ ಅಂಗಡಿಯೇ ನಂಬಿದೆ. ನಾನು ನಂಬಿಲ್ಲ. ನಂಬಿಕೆ ನನ್ನ ವಿಷಯವಲ್ಲ, ನಾನು ಲೆಕ್ಕದವನು.

ಸೆಪ್ಟೆಂಬರ್ 20, ಶನಿವಾರ

ಹತ್ತು ಆಟದಲ್ಲಿ ಒಂಬತ್ತು ಸೋತೆ. ಹತ್ತನೆಯದನ್ನು ಓಡೆಟ್ ನೆಗಡಿಯಿಂದ ಸೀನುತ್ತಾ ಆಡಿದ್ದರಿಂದ ಗೆದ್ದೆ.

"ಮೇಷ್ಟ್ರೇ, ನಿನ್ ಕಟ್ಟು ನನ್ ಬಸ್ ಥರ," ಅಂದಳು. "ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತೆ, ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಲ್ಲ."

"ಮತ್ತೇನು ಮಾಡ್ಲಿ?"

"ರಾಣಿ ಹಾಕು. ನಾಕೂ ಹಾಕು. ಜೊತೆಗೆ ಸೇತುವೆ ಹಾಕು. ಆ ಕುಂಟ ಸೈನಿಕರನ್ನ ಮನೇಗೆ ಕಳ್ಸು."

ಆಟದಲ್ಲಿ 'ತಳ್ಳು' ಎಂಬ ನಿಯಮವಿದೆ. ನಿಮ್ಮ ಸರದಿಯಲ್ಲಿ ಕಟ್ಟಿನ ಮೇಲಿನ ಎಲೆಯನ್ನು ನೋಡದೆಯೇ ಅಡಿಗೆ ತಳ್ಳಿ, ಅದರ ಕೆಳಗಿನದನ್ನು ಎತ್ತಿಕೊಳ್ಳಬಹುದು. ಆಟಕ್ಕೆ ಮೂರೇ ಸಲ. ಕೆಲವರು ತಳ್ಳುವ ಮುಂಚೆ ಉಸಿರು ಬಿಗಿಹಿಡಿಯುತ್ತಾರೆ, ಕೆಲವರು ಎಲೆಗೆ ಮುತ್ತಿಡುತ್ತಾರೆ. ನಾನು ಗಾರ್ನೆಟ್‌ಗೆ ಕಾಗದದ ಮೇಲೆ ಸಾಧಿಸಿ ತೋರಿಸಿದೆ: ನೋಡದೆ ತಳ್ಳಿದರೂ ಒಂದೇ, ತಳ್ಳದಿದ್ದರೂ ಒಂದೇ. ಮೇಲಿನದು ರಾಣಿಯಾಗಿರುವ ಸಾಧ್ಯತೆ ಎಷ್ಟೋ ಕೆಳಗಿನದೂ ಅಷ್ಟೇ. ತಳ್ಳು ಎಂಬುದು ಶುದ್ಧ ಮೂಢನಂಬಿಕೆ.

"ಹಾಗಾದ್ರೆ ಯಾಕೆ ಇಟ್ಟವ್ರೆ ಆ ನಿಯಮನ?" ಅಂದ ಗಾರ್ನೆಟ್.

"ಮನುಷ್ಯನಿಗೆ ಏನಾದ್ರೂ ಒಂದು ತಳ್ಳೋಕೆ ಬೇಕಲ್ಲ."

ಮನೆಗೆ ಬಂದು ಒಂಬತ್ತು ಎಲೆ ಕಿತ್ತೆ. ನಾಲ್ಕು ರಾಣಿ, ನಾಲ್ಕು ಸೇತುವೆ, ಒಂದು ಬೆಂಕಿಗೂಡು ಸೇರಿಸಿದೆ. ಒಂಬತ್ತಕ್ಕೂ ಹೊಸ ಪ್ಲಾಸ್ಟಿಕ್ ಕವರು ಹಾಕಿದೆ. ಅದೇ ನೀಲಿ, ಅದೇ ತಯಾರಕರದು. ಉಳಿದ ಐವತ್ತೊಂದು ಎಲೆಗಳ ಕವರು ವಸಂತದಿಂದ ನನ್ನ ಬೆರಳುಗಳ ಬೆವರು, ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನಿನ ಜಿಗುಟು ಎಲ್ಲವನ್ನೂ ಉಂಡಿವೆ. ಇನ್ನೂ ಉಣ್ಣಲಿ. ದುಡ್ಡೇನು ಮರದಲ್ಲಿ ಬೆಳೆಯುತ್ತದೆಯೇ?

ಸೆಪ್ಟೆಂಬರ್ 27, ಶನಿವಾರ

ಹತ್ತಕ್ಕೆ ಏಳು ಗೆದ್ದೆ!! ಓಡೆಟ್ ತನ್ನ ಕಟ್ಟನ್ನು ಎರಡು ಸಲ ಎಣಿಸಿದಳು. ನಾನು ನನ್ನದನ್ನು ಮೂರು ಸಲ.

ಒಂದು ವಾರದಲ್ಲಿ ಒಂದರಿಂದ ಏಳಕ್ಕೆ. ಇದನ್ನು ತರಗತಿಯಲ್ಲಿ ಯಾರಾದರೂ ತಂದು ತೋರಿಸಿದ್ದರೆ 'ದತ್ತಾಂಶ ಪರೀಕ್ಷಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಆದರೆ ಇದು ನನ್ನದು.

ಅಕ್ಟೋಬರ್ 4, ಶನಿವಾರ

ಎಂಟು. ಮೂರು ಸಲ ತಳ್ಳಿದೆ, ಮೂರು ಸಲವೂ ಸರಿ. ತಳ್ಳಬೇಕು ಅನ್ನಿಸಿತು, ತಳ್ಳಿದೆ. ಬೇಡ ಅನ್ನಿಸಿದಾಗ ತಳ್ಳದೆ ಎತ್ತಿದೆ, ಬಂದದ್ದು ಸೇತುವೆಯಾಗಿತ್ತು. ಮೈ ಜುಮ್ಮೆಂದಿತು.

ನನ್ನ ಸಾಧನೆಯ ಕಾಗದಕ್ಕೆ ಒಂದು ಅಡಿಟಿಪ್ಪಣಿ ಸೇರಿಸಬೇಕಾದೀತು. ಸರಿಯಾಗಿ ಶ್ರುತಿ ಮಾಡಿದ ಕಟ್ಟು ತನ್ನ ಯಜಮಾನನ ಜೊತೆ ಮಾತಾಡುತ್ತದೆ. ಪಿಟೀಲಿನವರನ್ನು ಕೇಳಿ.

ಅಕ್ಟೋಬರ್ 9, ಗುರುವಾರ

ಸತತ ನಾಲ್ಕು ಸೋಲು. ಅಂಗಡಿಯಲ್ಲಿ ನಮ್ಮ ಮೇಜಿನ ಮೇಲಿನ ದೀಪ ಕೆಟ್ಟಿತ್ತು. ಗಾರ್ನೆಟ್ ಏಣಿ ಹುಡುಕುತ್ತಾ ಒಂದು ಗಂಟೆ ಕಳೆದ. ಮಂಕು ಬೆಳಕಿನಲ್ಲಿ ಒಳದನಿ ಒಂದಕ್ಷರ ಮಾತಾಡಲಿಲ್ಲ. ಮಧ್ಯಾಹ್ನ ತಿಂದ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ಮೇಲೆ ನನಗೆ ಅನುಮಾನ. ದೀಪ ಹತ್ತಿದ ಮೇಲೆ ಹೊಟ್ಟೆಯೂ ಸರಿಹೋಯಿತು, ಎರಡು ಗೆದ್ದೆ.

ಓಡೆಟ್ ಇವತ್ತು ಚುಚ್ಚಲೇ ಇಲ್ಲ. ದೀಪವನ್ನು ನೋಡಿದಳು, ನನ್ನ ಕಟ್ಟನ್ನು ನೋಡಿದಳು, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದಳು. ಕೊನೆಯ ಎರಡು ಸೋತದ್ದು ಬೇಸರವಾಗಿರಬೇಕು.

ಅಕ್ಟೋಬರ್ 13, ಸೋಮವಾರ, ಥ್ಯಾಂಕ್ಸ್‌ಗಿವಿಂಗ್

ಓಡೆಟ್ ಮನೆಯಲ್ಲಿ ಹಬ್ಬದ ಟರ್ಕಿಕೋಳಿ ಊಟ. ಒಂಟಿ ಜೀವಗಳನ್ನೆಲ್ಲ ಅವಳು ಈ ದಿನ ಒಟ್ಟುಗೂಡಿಸುತ್ತಾಳೆ. ಕುಂಬಳಕಾಯಿ ಕಡುಬಿನ ಹೊತ್ತಿಗೆ ನನ್ನ ತಟ್ಟೆಯ ಪಕ್ಕ ಒಂದು ಪೊಟ್ಟಣ ಇಟ್ಟಳು. ಹೊಸ ಕವರು. ನೀಲಿ. ಅರವತ್ತೈದು.

"ಇದೇನು, ಕ್ರಿಸ್‌ಮಸ್ ಈಗ್ಲೇ ಬಂತಾ?"

"ಹಾಕ್ಕೋ. ಅರವತ್ತಕ್ಕೂ."

"ಚೆನ್ನಾಗಿ ಓಡೋ ಬಂಡಿ ಚಕ್ರ ಯಾರಾದ್ರೂ ಬಿಚ್ತಾರಾ ಓಡೆಟ್? ಹಳೇದು ಕೈಗೆ ಒಗ್ಗಿದೆ."

"ಒಗ್ಗಿದೆ." ಅವಳು ನನ್ನನ್ನು ಬಸ್ಸಿನ ಕನ್ನಡಿಯಲ್ಲಿ ಟಿಕೆಟ್ಟಿಲ್ಲದವನನ್ನು ನೋಡುವ ಹಾಗೆ ನೋಡಿದಳು. "ಇನ್ನೊಂದ್ಸಲ ಯೋಚ್ನೆ ಮಾಡು."

"ಮಾಡ್ದೆ. ನನ್ನ ಕಟ್ಟಿಗೆ ದೃಷ್ಟಿ ಹಾಕ್ಬೇಡ."

ಎಲ್ಲರೂ ನಕ್ಕರು. ಅವಳು ಪೊಟ್ಟಣ ವಾಪಸು ತೆಗೆದುಕೊಂಡಳು. ಹೆದರಿದ್ದಾಳೆ, ಪಾಪ. ಉಡುಗೊರೆ ಕೊಟ್ಟು ಎದುರಾಳಿಯ ಶ್ರುತಿ ಕೆಡಿಸುವಷ್ಟು!

ಅಕ್ಟೋಬರ್ 25, ಶನಿವಾರ

ಗೆದ್ದೆ. ಅಕ್ಷರ ಕುಣಿದರೆ ಕ್ಷಮಿಸು, ದಿನಚರಿಯೇ.

ಇಪ್ಪತ್ತೆರಡು ಆಟಗಾರರು. ಕೊನೆಗೆ ಉಳಿದವರು ನಾನು ಮತ್ತು ಓಡೆಟ್. ತಲಾ ಒಂದು ಆಟ ಗೆದ್ದೆವು. ಮೂರನೆಯದರಲ್ಲಿ ಅವಳದೂ ಒಂದೇ ಕೋಟೆ ಉಳಿದಿತ್ತು, ನನ್ನದೂ ಒಂದೇ. ನನ್ನ ಸರದಿ. ರಾಣಿ ಬಂದರೆ ನಾನು, ಬಾರದಿದ್ದರೆ ಮುಂದಿನ ಸರದಿಗೆ ಅವಳು. ಕಟ್ಟಿನಲ್ಲಿ ಮೂವತ್ತೊಂದು ಎಲೆ, ರಾಣಿಯರು ಇಬ್ಬರು. ನೂರಕ್ಕೆ ಆರೂವರೆ. ನನ್ನ ಹತ್ತಿರ ಮೂರು ತಳ್ಳೂ ಬಾಕಿ.

"ತಳ್ಳಿ ಗುರುಗಳೇ, ತಳ್ಳಿ!" ಗಾರ್ನೆಟ್ ನನ್ನ ಬೆನ್ನ ಹಿಂದೆ ಮಗ್ಗಿ ಒಪ್ಪಿಸುವವನ ಹಾಗೆ ಪಿಸುಗುಟ್ಟುತ್ತಿದ್ದ. "ಮೂರೂ ಇದಾವಲ್ಲ, ಉಪ್ಪಿನಕಾಯಿ ಹಾಕೋಕಾ?"

ನಾನು ಕಣ್ಣು ಮುಚ್ಚಿದೆ. ಇಡೀ ಒಂದು ನಿಮಿಷ. ಅಂಗಡಿಯಲ್ಲಿ ಹೀಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಳದನಿ ಸ್ಪಷ್ಟವಾಗಿ ಹೇಳಿತು: ತಳ್ಳಬೇಡ.

"ತಳ್ಳಲ್ಲ," ಅಂದೆ. ಎತ್ತಿದೆ. ಉಪ್ಪಿನ ರಾಣಿ!

ಗಾರ್ನೆಟ್ ಕಿರುಚಿದ. ಯಾರೋ ನನ್ನ ತಲೆಯ ಮೇಲೆ ಜೋಳದ ಅರಳು ಸುರಿದರು. ಇಂಥದ್ದನ್ನು ಹದಿನೆಂಟು ವರ್ಷದಲ್ಲಿ ನೋಡಿಲ್ಲ ಎಂದು ಗಾರ್ನೆಟ್ ಆಣೆ ಮಾಡಿ ಹೇಳಿದ. ಕಣ್ಣು ಮುಚ್ಚಿಕೊಂಡು! ಲೆಕ್ಕದ ಮೇಷ್ಟ್ರು! ಇನ್ನು ಹತ್ತು ವರ್ಷ ಈ ಊರು ಈ ಕಥೆ ಹೇಳುತ್ತದೆ. ಹೇಳಲಿ, ನಾನೂ ಹೇಳುತ್ತೇನೆ.

ಓಡೆಟ್ ಕೈ ಕುಲುಕಿದಳು. ಎಂಟನೆಯ ಸಲ ಎರಡನೆಯವಳು. ಅಳುತ್ತಾಳೆ ಅಂದುಕೊಂಡಿದ್ದೆ. "ವಿನಿಪೆಗ್ಗಿಗೆ ನಾನೇ ಗಾಡಿ ಓಡಿಸ್ತೀನಿ," ಅಂದಳು, ಅಷ್ಟೇ. ದೊಡ್ಡ ಮನಸ್ಸು.

ನವೆಂಬರ್ 14, ಶುಕ್ರವಾರ

ಎಂಟು ಗಂಟೆಯ ದಾರಿ. ಡ್ರೈಡನ್ ತನಕ ಹಿಮ. ಓಡೆಟ್‌ಳ ಗಾಡಿಯಲ್ಲಿ ಚಾಲಕರ ಸೀಟು ಮಾತ್ರ ಬಿಸಿಯಾಗುತ್ತದೆ. "ಕಂಡಕ್ಟರಿಗೆ ಸೌಲಭ್ಯ ಇಲ್ಲ," ಅಂದಳು.

ಕೆನೋರಾದಲ್ಲಿ ಕಾಫಿಗೆ ನಿಂತೆವು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಏನಾದ್ರೂ ಹೇಳೋದಿದ್ಯಾ, ವೆಂಡಲ್?"

ಮೇಷ್ಟ್ರೇ ಅನ್ನಲಿಲ್ಲ. ಹೆಸರು ಹಿಡಿದಳು.

"ಇದೆ," ಅಂದೆ. "ನಾಳೆ ಗೆದ್ರೆ ನಿನಗೆ ಸ್ಟೇಕ್ ಊಟ."

ಅವಳು ಕಾಫಿ ಮುಗಿಸದೆ ಎದ್ದಳು.

ನವೆಂಬರ್ 15, ಶನಿವಾರ, ಮಧ್ಯಾಹ್ನ

ಮೂರಕ್ಕೆ ಮೂರು! ಇನ್ನೂರ ಹತ್ತು ಆಟಗಾರರ ನಡುವೆ ನನ್ನ ಹೆಸರು ಅಂಕಪಟ್ಟಿಯ ಮೊದಲ ಪುಟದಲ್ಲಿದೆ. ಒಳದನಿ ಇಲ್ಲಿ ನಮ್ಮೂರಿಗಿಂತ ಎಷ್ಟೋ ಸ್ಪಷ್ಟ. ಸಭಾಂಗಣ ದೊಡ್ಡದು, ಗಾಳಿ ಚೆನ್ನಾಗಿದೆ, ಬೆಳಕಂತೂ ಹಾಲು ಚೆಲ್ಲಿದಂತೆ. ನಾಲ್ಕನೇ ಸುತ್ತಿಗೆ ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ

ಬರೆಯಲು ಬರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಲ್ಕನೇ ಸುತ್ತಿನ ಮೊದಲು ಕಪ್ಪಂಗಿಯ ತೀರ್ಪುಗಾರ್ತಿ ಬಂದು ನನ್ನ ಕಟ್ಟನ್ನು ತಪಾಸಣೆಗೆ ಒಯ್ದಳು. ಮಾಮೂಲು, ಪ್ರತಿ ಸುತ್ತಿಗೂ ಒಂದೆರಡು ಮೇಜು ಆರಿಸುತ್ತಾರೆ. ಐದು ನಿಮಿಷಕ್ಕೆ ಬರಬೇಕಾದವಳು ಹದಿನೈದು ನಿಮಿಷವಾದರೂ ಬರಲಿಲ್ಲ. ಆಮೇಲೆ ನನ್ನನ್ನೇ ಕರೆದಳು. ಎದೆಯ ಮೇಲಿನ ಚೀಟಿಯಲ್ಲಿ ಹೆಸರು: ಲಿಗಾಯಾ ಮನಾಲೋ. ನನ್ನ ಭುಜದಷ್ಟೂ ಎತ್ತರವಿಲ್ಲ. ಮೇಜಿನ ಮೇಲೆ ನನ್ನ ಅರವತ್ತು ಎಲೆ ಬೆನ್ನು ಮೇಲಾಗಿ ಹರಡಿದ್ದವು.

"ಸರ್, ನಾನು ಒಂದು ಆಟ ಆಡ್ತೀನಿ, ನೋಡ್ತೀರಾ?" ಅಂದಳು, ತುಂಬ ಮರ್ಯಾದೆಯಿಂದ. ಬೆರಳಿನಿಂದ ಒಂದೊಂದೇ ಎಲೆ ಮುಂದಕ್ಕೆ ಎಳೆದಳು. ಇದು. ಇದು. ಇದು. ಒಂಬತ್ತು. "ಇವನ್ನ ನಾನು ತಿರುಗಿಸಿ ನೋಡಿಲ್ಲ. ನೀವೇ ತಿರುಗಿಸಿ."

ತಿರುಗಿಸಿದೆ. ರಾಣಿ. ಸೇತುವೆ. ಸೇತುವೆ. ರಾಣಿ. ಬೆಂಕಿಗೂಡು. ರಾಣಿ...

ಆ ಬೆಳಕಿನಲ್ಲಿ ಐವತ್ತೊಂದು ಬೆನ್ನು ಮಾಸಿದ ಚಾಪೆಯಂತಿದ್ದವು. ಒಂಬತ್ತು ಮಾತ್ರ ಹೊಸ ಕೊಡೆಯಂತೆ ಮಿಂಚುತ್ತಿದ್ದವು. ಕುರುಡನಿಗೂ ಕಾಣುತ್ತಿತ್ತು. ಮೇಷ್ಟ್ರಿಗೆ ಕಂಡಿರಲಿಲ್ಲ!

"ಶ್ರುತಿ ಮಾಡುವಾಗ ಬದಲಾಯಿಸಿದ್ದು..." ಅಂದೆ.

"ಗೊತ್ತು ಸರ್. ವರ್ಷಕ್ಕೆ ಹತ್ತು ಜನ ಹೀಗೇ ಸಿಕ್ಕಿಹಾಕ್ಕೋತಾರೆ. ಹೊಸ ಎಲೆಗೆ ಹೊಸ ಕವರು ಹಾಕ್ತಾರೆ, ಹಳೇದನ್ನ ಮರೀತಾರೆ. ಆದ್ರೆ ಒಂದು ಕೇಳ್ಲೇಬೇಕು. ನಿಮಗೆ ಗೊತ್ತಿತ್ತಾ?"

"ಇಲ್ಲ."

ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ನನ್ನ ಮುಖದಲ್ಲಿ ರಕ್ತವೇ ಇರಲಿಲ್ಲವೇನೋ. "ಇಷ್ಟು ಚೆನ್ನಾಗಿ ನಟಿಸೋಕೆ ಬಂದಿದ್ರೆ ನೀವು ಮೇಷ್ಟ್ರಾಗಿರ್ತಿರಲಿಲ್ಲ," ಅಂದಳು, ನನ್ನ ನೋಂದಣಿ ಫಾರಂ ನೋಡುತ್ತಾ. ದಂಡದ ಚೀಟಿಯಲ್ಲಿ 'ಉದ್ದೇಶವಿರಲಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದಳು. ಉದ್ದೇಶವಿದ್ದಿದ್ದರೆ ಎರಡು ವರ್ಷ ನಿಷೇಧ. ಇಲ್ಲದ್ದಕ್ಕೆ ಒಂದು ಸುತ್ತಿನ ಸೋಲು, ಅರವತ್ತಕ್ಕೂ ಹೊಸ ಕವರು, ಹತ್ತು ನಿಮಿಷ ಅವಕಾಶ.

ಕವರು ಎಲ್ಲಿಂದ ತರಲಿ ಎಂದು ತಿರುಗಿದೆ. ಓಡೆಟ್ ನಿಂತಿದ್ದಳು. ಕೋಟಿನ ಜೇಬಿನಿಂದ ಆ ನೀಲಿ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು.

ಆಮೇಲಿನ ನಾಲ್ಕು ಸುತ್ತೂ ಸೋತೆ. ಹನ್ನೆರಡು ಸಲ ತಳ್ಳಿದೆ. ಆಟ ಮುಗಿದ ಮೇಲೆ ನೋಡಿದರೆ ಎರಡು ಸಲ ರಾಣಿಯರನ್ನೇ ಅಡಿಗೆ ತಳ್ಳಿದ್ದೆ.

ನವೆಂಬರ್ 16, ಭಾನುವಾರ

ವಾಪಸು ದಾರಿಯಲ್ಲಿ ಕೆನೋರಾ ದಾಟಿದೆವು. ಆಮೇಲೆ ನಾನೇ ಕೇಳಿದೆ.

"ನಿನಗೆ ಯಾವಾಗ ಗೊತ್ತಾಯ್ತು?"

"ದೀಪ ಕೆಟ್ಟ ದಿನ."

ಲೆಕ್ಕ ಹಾಕಿದೆ. ಅಕ್ಟೋಬರ್ ಒಂಬತ್ತು. ಆಯ್ಕೆಯ ಪಂದ್ಯಕ್ಕೆ ಹದಿನಾರು ದಿನ ಮುಂಚೆ. ಎದುರು ಕೂತವಳಿಗೆ ನನ್ನ ಕಟ್ಟಿನ ಬೆನ್ನು ಇಡೀ ಹೊತ್ತು ಕಾಣುತ್ತದೆ. ಅಷ್ಟೂ ನನಗೆ ಹೊಳೆದಿರಲಿಲ್ಲ.

"ಫೈನಲ್ಲಲ್ಲಿ ಒಂದು ಮಾತು ಹೇಳಿದ್ರೆ ಸೀಟು ನಿಂದಾಗ್ತಿತ್ತು!"

"ಹೌದು."

"ಮತ್ಯಾಕೆ..."

"ಇಪ್ಪತ್ತು ಜನರ ಮುಂದೆ ನನ್ನ ಗೆಳೆಯನ್ನ ಕಳ್ಳ ಅಂತ ಹೇಗೆ ಕರೀಲೋ?" ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದಳು. "ಕವರು ಕೊಟ್ಟೆ, ನೀನು ಜೋಕ್ ಮಾಡ್ದೆ. ಕಾಫಿ ಕುಡಿವಾಗ ಬಾಯಿ ಬಿಡ್ತಾನೆ ಅಂದ್ಕೊಂಡೆ, ನೀನು ಸ್ಟೇಕ್ ಅಂದೆ. ಒಂದು ತಿಂಗಳಿಂದ ನೀನು ಕಳ್ಳ ಅಂತಾನೇ ಅಂದ್ಕೊಂಡಿದ್ದೆ, ವೆಂಡಲ್. ಬಸ್ ಓಡಿಸ್ತಾ ಅದೇ ಯೋಚ್ನೆ. ಒಂದಿನ ಎರಡು ಸ್ಟಾಪ್ ನಿಲ್ಸೋದೇ ಮರ್ತೆ."



"ನಿನ್ನೆ ಆ ಹುಡುಗಿ ಮುಂದೆ ನಿನ್ ಮುಖ ನೋಡ್ದೆ," ಅಂದಳು. "ಆಮೇಲೆ ಗೊತ್ತಾಯ್ತು, ಕಳ್ಳ ಅಲ್ಲ, ಪೆದ್ದ. ಎಷ್ಟು ಸಮಾಧಾನ ಆಯ್ತು ಗೊತ್ತಾ? ಬಾಯಿಬಿಟ್ಟು ಹೇಳಿಬಿಡು ಒಂದ್ಸಲ. ನಿಜವಾಗ್ಲೂ ಗೊತ್ತಿರಲಿಲ್ಲ ತಾನೆ?"

"ಇಲ್ಲ ಓಡೆಟ್. ಆಣೆಗೂ."

"ಸರಿ." ಅವಳು ಉಸಿರು ಬಿಟ್ಟಳು. ನೀರಿನ ಬಾಟಲಿ ನನ್ನ ಕಡೆ ಚಾಚಿದಳು. "ಕುಡಿ. ಉಪ್ಪು ತಿಂದಿದ್ದೀಯ."

ನವೆಂಬರ್ 18, ಮಂಗಳವಾರ

ಅಂಗಡಿಯಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ: ಕವರಿನ ಕಥೆ, ಒಂಬತ್ತು ಎಲೆ, ಒಳದನಿ ಅನ್ನುವುದು ಪ್ಲಾಸ್ಟಿಕ್ಕಿನ ಹೊಳಪು. ನಕ್ಕು ನಕ್ಕು ಒಬ್ಬ ಕುರ್ಚಿಯಿಂದ ಜಾರಿದ. ದಂಡದ ಚೀಟಿಯನ್ನು ಎತ್ತಿ ತೋರಿಸಿದೆ. "ನೋಡಿ, ನನ್ನ ಮುಗ್ಧತೆಗೆ ಮ್ಯಾನಿಟೋಬಾ ಪ್ರಾಂತ್ಯದ ಪ್ರಮಾಣಪತ್ರ! ಈ ಊರಲ್ಲಿ ಇನ್ಯಾರ ಹತ್ರ ಇದೆ?" ಚಪ್ಪಾಳೆ ಬಿತ್ತು.

ಗಾರ್ನೆಟ್ ಬಣ್ಣದ ಡಬ್ಬಿ, ಕುಂಚ ತಂದ. "ಹಾಗಾದ್ರೆ ಹಲಗೆ ಮೇಲೆ ಮೇಷ್ಟ್ರ ಹೆಸರು ಅಳ್ಸಿ ಓಡೆಟ್ ಹೆಸರು ಬರೀತೀನಿ. ನ್ಯಾಯ ನ್ಯಾಯಾನೇ."

"ಬೇಡ," ಅಂದಳು ಓಡೆಟ್.

"ಯಾಕಮ್ಮಾ? ಎಂಟು ವರ್ಷ ಆಯ್ತು!"

"ಗೊತ್ತಿದ್ದು ಮಾಡಿದ್ರೆ ಅಳ್ಸು. ಅವನಿಗೆ ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಕೊಂಡು ಆಡ್ದೆ, ಸೋತೆ. ಗೆಲುವು ಅವನದೇ."

ಗಾರ್ನೆಟ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಡಬ್ಬಿಯ ಮುಚ್ಚಳ ಹಾಕಿದ. ಹಾಕಲು ಎರಡು ಸಲ ಗುದ್ದಬೇಕಾಯಿತು.

ನವೆಂಬರ್ 19, ಬುಧವಾರ

ಪಾಠ ಮಾಡಿದೆ. ಏನು ಪಾಠವೆಂದು ನೆನಪಿಲ್ಲ.

ನವೆಂಬರ್ 22, ಶನಿವಾರ

ಅಭ್ಯಾಸಕ್ಕೆ ಹೋಗಲಿಲ್ಲ. "ಮೈ ಸರಿಯಿಲ್ವಾ ಪೆದ್ದಪ್ಪಾ? ಸಾರು ತರ್ಲಾ?" ಎಂದು ಓಡೆಟ್ ಫೋನ್ ಮಾಡಿದಳು. ಆ ದನಿಯಲ್ಲಿ ಹಳೆಯ ಸಲುಗೆಯೆಲ್ಲ ಮರಳಿತ್ತು. ಬೇಡ ಅಂದೆ.

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಲಿಗಾಯಾಗೆ ಹೇಳಿದ್ದು ಅಂದಿನ ಮಟ್ಟಿಗೆ ನಿಜ ಎಂದೇ ನಂಬಿದ್ದೆ. ಅಭ್ಯಾಸದ ಆಟಗಳಲ್ಲಿ ಬಹುಶಃ ನಿಜವೇ; ಕಣ್ಣು ನೋಡುತ್ತಿತ್ತು, ನನಗೆ ಹೇಳುತ್ತಿರಲಿಲ್ಲ. ಆದರೆ ಅಕ್ಟೋಬರ್ ಇಪ್ಪತ್ತೈದರ ಪುಟಕ್ಕೆ ಬಂದಾಗ ಬೆವರಿದೆ. ಯಾರೂ ಓದದ ಪುಸ್ತಕ. ಬರೆಯುವವನೂ ನಾನೇ, ಓದುವವನೂ ನಾನೇ. ಅದರಲ್ಲೂ ಸುಳ್ಳು ಬರೆದಿದ್ದೇನೆ! ಇಷ್ಟು ಚೆಂದವಾಗಿ ಬರೆದಿದ್ದೇನೆ ಎಂದರೆ ಇಂದು ಬೆಳಗಿನ ತನಕ ನಾನೇ ಅದನ್ನು ನಂಬಿದ್ದೆ.

ನಾಳೆ ಬೆಳಿಗ್ಗೆ ಓಡೆಟ್ ಡಿಪೋದಿಂದ ಬಸ್ಸು ತೆಗೆಯುವ ಮುಂಚೆ ಈ ಹಾಳೆಯನ್ನು ಹರಿದು ಅವಳ ಕೈಗೆ ಕೊಡುತ್ತೇನೆ. ಆಮೇಲೆ ಗಾರ್ನೆಟ್ ತನ್ನ ಡಬ್ಬಿ ತೆರೆಯಲಿ. ವಿನಿಪೆಗ್ಗಿನವರು ತಮ್ಮ ಚೌಕ ತಿದ್ದಿಕೊಳ್ಳಲಿ.

ಓಡೆಟ್, ಆ ಕೊನೆಯ ಸರದಿಯಲ್ಲಿ ನನ್ನ ಒಂಬತ್ತು ಹೊಸ ಎಲೆಗಳಲ್ಲಿ ಏಳು ಆಗಲೇ ಹೊರಬಂದಿದ್ದವು. ಉಳಿದೆರಡೂ ರಾಣಿಯರು ಎಂದು ಎಣಿಸಿಟ್ಟುಕೊಂಡಿದ್ದೆ. ಯಾಕೆ ಎಣಿಸುತ್ತಿದ್ದೇನೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮೇಲಿನ ಎಲೆ ಮಿಂಚುತ್ತಿತ್ತು. ಕಣ್ಣು ಮುಚ್ಚಿಕೊಂಡದ್ದು ನಿಜ. ನೋಡಿಯಾದ ಮೇಲೆ ಮುಚ್ಚಿಕೊಂಡೆ.